ಬಿಟ್ಟ ಗೋಲು

ಸ್ವಾತಂತ್ರ್ಯ ಬಂದ ಹೊಸತು. ಚೌರಪ್ಪ ಇಂಟರ್‌ಮೀಡಿಯೆಟ್‌ನಲ್ಲೇ ಕೊಳೆಯುತ್ತ ಮೂರು ವರ್ಷವಾಗಿತ್ತು. ದಡ್ಡನೇನಲ್ಲ. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅವನಂಥ ಗೋಲ್‌ಕೀಪರ್ ಇನ್ನೊಬ್ಬ ಸಿಕ್ಕಿರಲಿಲ್ಲ. ಪಾಸಾದರೆ ಕೈಬಿಟ್ಟು ಹೋಗುತ್ತಾನೆ. ಅದಕ್ಕೇ ಪ್ರತಿ ಸಲ ಸೀಸನ್ ಮುಗಿಯುತ್ತಲೇ ಪ್ರಿನ್ಸಿಪಾಲರು ಹಾಜರಿ ಸಾಲದು ಅಂತ ನೆಪ ಹೇಳಿ ಪರೀಕ್ಷೆಗೆ ಕೂರಲು ಬಿಡುತ್ತಿರಲಿಲ್ಲ. ಈ ಸಲ ಪಾಸಾದರೆ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಬಹುದು. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ.

ಆ ಸೀಸನ್ ಪೂರ್ತಿ ಅವನನ್ನು ದಾಟಿ ಒಂದು ಗೋಲೂ ಹೋಗಿರಲಿಲ್ಲ. ಫೈನಲ್‌ನ ಕೊನೆ ಗಳಿಗೆಯಲ್ಲಿ ಚೆಂಡು ನೇರ ಅವನ ಕೈಗೇ ಬಂತು. ಚೌರಪ್ಪ ಬೇಕೆಂದೇ ಬೆರಳು ಸಡಿಲಿಸಿ ಒಳಕ್ಕೆ ಬಿಟ್ಟ. ಸ್ವಂತ ತಂಡವನ್ನೇ ಸೋಲಿಸಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಕೈಗೇನು ಲಕ್ವ ಹೊಡೆದಿತ್ತೇನೋ, ಬೇವರ್ಸಿ!" ಕ್ಯಾಪ್ಟನ್ ಕೊರಳಪಟ್ಟಿ ಹಿಡಿದು ಎಳೆದಾಡಿದ. ಚೌರಪ್ಪನಿಗೆ ನೋವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಮಾರನೇ ದಿನ ಪ್ರಿನ್ಸಿಪಾಲರು ಕರೆಸಿದರು.

"ನನ್ನಿಂದಲೇ ಸೋತಿದ್ದು ಸಾರ್. ತಂಡದಿಂದ ತೆಗೆದುಬಿಡಿ."

"ಕೂತ್ಕೊಳಯ್ಯ. ಕ್ಯಾಪ್ಟನ್ನೂ ಅದನ್ನೇ ಬೊಗಳಿದ. ಉಗಿದು ಕಳಿಸಿದೀನಿ."

"ಹಂಗಾದ್ರೆ ಪರೀಕ್ಷೆ, ಸಾರ್?"

ಪ್ರಿನ್ಸಿಪಾಲರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಕಪ್ ಗೆದ್ದಿದ್ರೆ ಈ ಸಲ ನಿನ್ನ ಪರೀಕ್ಷೆಗೆ ಕೂರಿಸಿ ಕಳಿಸಿಬಿಡೋಣ ಅಂತಲೇ ಇದ್ದೆ. ಈಗ ಇಂಥಾ ಅವಮಾನ ಹೊತ್ಕೊಂಡು ಹೆಂಗಯ್ಯ ಹೋಗ್ತೀಯ? ಸೇಡು ತೀರಿಸ್ಕೊಳ್ಳೋಕೆ ಇನ್ನೊಂದು ವರ್ಷ ಕೊಟ್ಟಿದೀನಿ."