ಮೂರು ಹೋಳಿಗೆ

ಕಾಯಿಸಿದ ತುಪ್ಪದ ವಾಸನೆ ಬಂದರೆ ನನಗೆ ಈಗಲೂ ತ್ರಯೇಕ ದೇವರ ನೆನಪಾಗುತ್ತದೆ.

ಅಂದು ಮಧ್ಯಾಹ್ನ ಸೋದರತ್ತೆಯ ಮದುವೆಯ ಮಾತಿಗೆ ಗಬ್ಬೂರಿನಿಂದ ವರನ ತಂದೆ ಬಂದಿದ್ದರು. ನಾವು ತಂದೆ, ಮಗ, ಪವಿತ್ರಾತ್ಮ ಎನ್ನುವವರು. ಅವರದು ಯೇಸು ಒಬ್ಬನೇ, ಮೂವರಿಲ್ಲ ಎನ್ನುವ ಸಭೆ. ಊಟದ ಪ್ರಾರ್ಥನೆ ಯಾರ ಹೆಸರಿನಲ್ಲಿ ಎಂಬಲ್ಲಿ ಶತಮಾನಗಳ ಜಗಳ ನಮ್ಮ ಪಡಸಾಲೆಗೆ ಬಂದು ಕೂತಿತು. ಹೋಳಿಗೆ ಆರಿತು. ಬಾಗಿಲ ಮರೆಯಲ್ಲಿ ಅತ್ತೆಯ ಮುಖ ಬಾಡಿತು.

“ನಿಮ್ಮ ಪದ್ಧತಿ ಪ್ರಕಾರನ ಪ್ರಾರ್ಥನಿ ಮಾಡ್ರಿ ಬೀಗರ,” ಎಂದಳು ಅಜ್ಜಿ. ಅವರು ಮಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ಅಜ್ಜಿಯೇ. ಆಮೇಲೆ ಅವರ ತಾಟಿಗೆ ಮೂರು ಹೋಳಿಗೆ ಬಡಿಸಿದಳು.

“ಒಂದ ಸಾಕ್ರಿ ಅವ್ವಾರ.”

“ಮೂರೂ ತಿನ್ರಿ. ಎಲ್ಲಾ ಒಂದ ಹಿಟ್ಟಿನವು.”

ಅವರು ತಾಟನ್ನು ಬಹಳ ಹೊತ್ತು ಧ್ಯಾನಿಸಿದರು.

“ತುಪ್ಪ ಹಾಕ್ರಿ, ಬೀಗತಿಯವರ.”