ಕಾಲು ಬಾಟಲಿ

ಶ್ವಾಸಕೋಶದ ಕ್ಯಾನ್ಸರ್‌ನಿಂದ ಅಪ್ಪನ ಎದೆಯಲ್ಲಿ ಮತ್ತೆ ಮತ್ತೆ ನೀರು ತುಂಬುತ್ತಿತ್ತು. ಪಕ್ಕೆಗೆ ಹಾಕಿದ್ದ ನಳಿಕೆಗೆ ಬಾಟಲಿ ಜೋಡಿಸಿ ಅದನ್ನು ಇಳಿಸುವುದು ಸುಗುಣಳ ಕೆಲಸ. ಈ ನೀರು ಕಡಿಮೆಯಾಗುವ ತನಕ ಹಸೆಮಣೆ ಏರುವುದಿಲ್ಲವೆಂದು ಅವಳು ಹಟ ಹಿಡಿದು ಕೂತಿದ್ದಳು.

ಇವತ್ತು ಕಾಲು ಬಾಟಲಿಗೇ ನಿಂತುಬಿಟ್ಟಿತು.

"ಅಪ್ಪಾ, ನೀರೇ ಬರ್ತಿಲ್ಲ!"

"ನಾನು ಹೇಳ್ಲಿಲ್ವಾ, ವಾಸಿಯಾಗ್ತಿದೆ ಕಣೇ," ಅಪ್ಪ ಏದುಸಿರು ಬಿಡುತ್ತಲೇ ಅಂದ. "ಇನ್ನಾದ್ರೂ ಆ ಹುಡುಗನ ಮನೆಯವರಿಗೆ ಹೂಂ ಅನ್ನು."

"ಹೂಂ," ಅಂದವಳೇ ಅಕ್ಷತೆ ತಂದು ಅವನ ಕಾಲು ಮುಟ್ಟಿದಳು. ಅಪ್ಪ ಹೊದಿಕೆಯೊಳಗಿಂದ ಎಡಗೈ ಚಾಚಿದ.

"ಎಡಗೈಲಿ ಯಾರಾದ್ರೂ ಅಕ್ಷತೆ ಹಾಕ್ತಾರಾ?" ಸುಗುಣ ನಗುನಗುತ್ತಾ ಹೊದಿಕೆ ಸರಿಸಿ ಅವನ ಬಲಗೈ ಹಿಡಿದೆಳೆದಳು.

ಮುಷ್ಟಿಯಲ್ಲಿ ಮಡಚಿ ಹಿಡಿದಿದ್ದ ನಳಿಕೆ ಬಿಚ್ಚಿಕೊಂಡಿತು, ಬಾಟಲಿ ತುಂಬತೊಡಗಿತು.