ಉಪ್ಪಿನ ಶಾಖ

ಅಕ್ಕ ಬಿಸಿ ಉಪ್ಪಿನ ಗಂಟನ್ನು ತಮ್ಮನ ಬೌಲಿಂಗ್ ಭುಜಕ್ಕೆ ಒತ್ತುತ್ತಿದ್ದಾಗ, ಅವನು ಆಡುತ್ತಿದ್ದ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಸೋದರಮಾವ ಬಂದು ಕೂತರು.

“ಮಾವ, ಎದುರು ಕ್ಲಬ್ಬಿನೋರು ಕರೀತಿದ್ದಾರೆ. ಹೆಸರು ಕೊಡೋಕೆ ನಾಳೆ ಕಡೇ ದಿನ. ನೀವು ನನ್ನ ಈ ವರ್ಷ ಇಟ್ಕೋತೀರೋ ಇಲ್ವೋ?”

“ಮೂರು ಸಲ ಕೀಲು ತಪ್ಪಿದ ಭುಜ ಅಂತ ಕಮಿಟಿ ಗೊಣಗುತ್ತೆ ಕಣೋ. ನಾನಿಲ್ವಾ? ನೀನು ಆ ಕಡೆ ಹೋದ್ರೆ ನಮ್ಮ ವಿಕೆಟ್ ಉಳಿಯುತ್ತಾ! ಆ ಗಂಟು ಇಲ್ಲಿ ಕೊಡಮ್ಮ,” ಎಂದು ಮಾವ ತಾವೇ ಶಾಖ ಕೊಟ್ಟರು.

ಎದುರು ಕ್ಲಬ್ಬಿನವರಿಗೆ ತಾನು ಬರುವುದಿಲ್ಲವೆಂದು ತಮ್ಮ ಹೇಳಿಬಿಟ್ಟ.

ಕಡೇ ದಿನ ಕಳೆದ ಮರುಬೆಳಿಗ್ಗೆ ಮಾವ, ತಾವೇ ಸಹಿ ಹಾಕಿ ಎರಡು ತಿಂಗಳಿಂದ ಬೀರುವಿನಲ್ಲಿಟ್ಟಿದ್ದ, ತಮ್ಮನ ಹೆಸರಿಗೆ ಬರೆದ ಪತ್ರವನ್ನು ಅಂಚೆಗೆ ಹಾಕಿದರು: ‘ಈ ವರ್ಷ ನಿಮ್ಮನ್ನು ತಂಡದಿಂದ ಕೈಬಿಡಲಾಗಿದೆ.’